ಕಟ್ಟಡ ನೋಡಿ ಕಾಲೇಜು ಆರಿಸುವ ಮುನ್ನ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ದಾವಣಗೆರೆ ಮತ್ತು ಹರಿಹರದ ಬೀದಿಗಳಲ್ಲಿ ಒಂದು ಬಗೆಯ ಜಾತ್ರೆಯೇ ನೆರೆಯುತ್ತದೆ. ವೃತ್ತ ವೃತ್ತಗಳಲ್ಲಿ ಕಾಲೇಜುಗಳ ಫ್ಲೆಕ್ಸ್‌ಗಳು, ಮನೆಬಾಗಿಲಿಗೆ ಬರುವ ಕರಪತ್ರಗಳು, ಪೋಷಕರ ಮೊಬೈಲಿಗೆ ಎಡೆಬಿಡದೆ ಬರುವ ಕರೆಗಳು. ಹವಾನಿಯಂತ್ರಿತ ತರಗತಿ, ನೂರಕ್ಕೆ ನೂರು ಉದ್ಯೋಗದ ಭರವಸೆ, ಅಮೃತಶಿಲೆಯ ನೆಲ, ಮುಗಿಲೆತ್ತರದ ಕಮಾನು. ಇವೆಲ್ಲವನ್ನು ನೋಡಿ ಬಂದ ತಂದೆ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ಮಗುವನ್ನು ಸರ್ಕಾರಿ ಕಾಲೇಜಿಗೆ ಹಾಕೋಣವೇ, ಖಾಸಗಿಗೆ ಹಾಕೋಣವೇ?

ಪ್ರಶ್ನೆ ಸಹಜವಾದುದೇ. ಆದರೆ ಅದನ್ನು ಕೇಳುವ ಬಗೆ ತಪ್ಪಾಗಿದೆ ಎಂಬುದು ನಮ್ಮ ಅಭಿಪ್ರಾಯ. ಸರ್ಕಾರಿ ಎಂದರೆ ಅಗ್ಗ ಮತ್ತು ಕಳಪೆ, ಖಾಸಗಿ ಎಂದರೆ ದುಬಾರಿ ಮತ್ತು ಉತ್ತಮ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿಬಿಟ್ಟಿದೆ. ಈ ನಂಬಿಕೆಗೆ ಬೆಲೆ ತೆರುತ್ತಿರುವವರು ಸಣ್ಣ ವ್ಯಾಪಾರಿಗಳು, ಗ್ಯಾರೇಜಿನ ಮೇಸ್ತ್ರಿಗಳು, ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು. ಮನೆಯ ಪತ್ರ ಅಡವಿಟ್ಟು ಮೊದಲ ವರ್ಷದ ಶುಲ್ಕ ಕಟ್ಟಿ, ಎರಡನೆಯ ವರ್ಷ ಕಟ್ಟಲಾಗದೆ ಮಗನನ್ನು ಅಂಗಡಿಗೆ ಕರೆತಂದು ಕೂರಿಸಿದ ಕುಟುಂಬಗಳನ್ನು ಹುಡುಕಲು ಯಾರೂ ದೂರ ಹೋಗಬೇಕಾಗಿಲ್ಲ.

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡವನ್ನೇ ತೆಗೆದುಕೊಳ್ಳಿ. ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಅಲ್ಲಿನ ಕೂಲಿಕಾರನ ಮಗ ಅಥವಾ ಸಣ್ಣ ಅಂಗಡಿಯವನ ಮಗಳು ಹತ್ತನೆಯ ತರಗತಿ ಮುಗಿಸಿ ದಾವಣಗೆರೆಯ ಬಸ್ಸು ಹತ್ತಿದಾಗ ಅವರ ಮುಂದೆ ಎಷ್ಟು ಬಾಗಿಲುಗಳಿವೆ? ಎಷ್ಟು ಬಾಗಿಲುಗಳ ಮಾಹಿತಿ ಅವರಿಗಿದೆ? ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಇಂದು ನಮ್ಮ ಸಮುದಾಯದ ಶೈಕ್ಷಣಿಕ ಹಿಂದುಳಿಯುವಿಕೆಯ ಒಂದು ದೊಡ್ಡ ಕಾರಣ.

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಜನರ ಮಾತಿನಲ್ಲಿ 'ಖಾಸಗಿ' ಎಂಬ ಒಂದೇ ಪದ ಎರಡು ಬೇರೆ ಬೇರೆ ವ್ಯವಸ್ಥೆಗಳನ್ನು ಸೂಚಿಸುತ್ತದೆ. ಒಂದು, ಖಾಸಗಿ ಆಡಳಿತದ, ಆದರೆ ಸಾರ್ವಜನಿಕ ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವಾದ ಕಾಲೇಜು. 1958ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆಯು 1979ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜು ಇದಕ್ಕೆ ಉದಾಹರಣೆ. ಕಾಲೇಜು ಖಾಸಗಿಯವರದು; ಆದರೆ ಪದವಿ ನೀಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಇನ್ನೊಂದು, ವಿಧಾನಮಂಡಲದ ಪ್ರತ್ಯೇಕ ಕಾಯ್ದೆಯ ಮೂಲಕ ಅಸ್ತಿತ್ವಕ್ಕೆ ಬಂದು, ತಾನೇ ಪಠ್ಯ ರೂಪಿಸಿ, ತಾನೇ ಪರೀಕ್ಷೆ ನಡೆಸಿ, ತಾನೇ ಪದವಿ ನೀಡುವ ಖಾಸಗಿ ವಿಶ್ವವಿದ್ಯಾನಿಲಯ. 2001ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ದಾವಣಗೆರೆಯ ಜಿ.ಎಂ. ಸಂಸ್ಥೆಯ ನೆಲೆಯಲ್ಲಿ 2023ರ ಕಾಯ್ದೆಯಿಂದ ಜಿ.ಎಂ. ವಿಶ್ವವಿದ್ಯಾನಿಲಯ ರೂಪುಗೊಂಡಿತು. ಇವೆರಡೂ 'ಖಾಸಗಿ'ಯೇ. ಆದರೆ ಪ್ರವೇಶದ ನಿಯಮ, ಶುಲ್ಕದ ನಿಯಂತ್ರಣ, ಪರೀಕ್ಷೆಯ ಹೊಣೆ ಎಲ್ಲವೂ ಬೇರೆ ಬೇರೆ. ಯಾವುದಕ್ಕೆ ಸೇರುತ್ತಿದ್ದೇವೆ ಎಂಬುದನ್ನೇ ತಿಳಿಯದೆ ಸಹಿ ಹಾಕುವ ಪೋಷಕರೇ ಹೆಚ್ಚು.

'ಸರ್ಕಾರಿ' ಎಂಬುದೂ ಒಂದೇ ಬಗೆಯದಲ್ಲ. ತೋಳಹುಣಸೆಯ ಶಿವಗಂಗೋತ್ರಿಯಲ್ಲಿರುವ ದಾವಣಗೆರೆ ವಿಶ್ವವಿದ್ಯಾನಿಲಯ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ, ಬಳಿಕ ಕುವೆಂಪು ವಿಶ್ವವಿದ್ಯಾನಿಲಯದ ಅಧೀನಕ್ಕೆ ಹೋಗಿ, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಪದವಿ ಕಾಲೇಜುಗಳು ಇದರ ವ್ಯಾಪ್ತಿಗೆ ಬರುತ್ತವೆ. ಹರಿಹರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ ಹುಡುಗಿ ಎಂ.ಕಾಂ. ಓದಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳಬಹುದು. ಹೆಣ್ಣುಮಕ್ಕಳನ್ನು ದೂರದ ಊರಿಗೆ ಕಳುಹಿಸಲು ಹಿಂಜರಿಯುವ ನಮ್ಮ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣದ ಖರ್ಚೂ ತಪ್ಪಿತು.

ಇನ್ನು ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು. 1951ರಲ್ಲಿ ಆರಂಭವಾದ ಈ ಕಾಲೇಜಿನ ಹೆಸರಿನಲ್ಲೇ ಒಂದು ಪಾಠವಿದೆ. ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಎಂಬ ದಾನಿಯ ಹೆಸರು ಅದು. ಖಾಸಗಿ ವ್ಯಕ್ತಿಗಳ ಹಣ ಸಾರ್ವಜನಿಕ ವಿಶ್ವವಿದ್ಯಾನಿಲಯದ ಕಾಲೇಜಿಗೆ ಹರಿದು, ಮೂರು ತಲೆಮಾರುಗಳ ಬಡ ಮಕ್ಕಳು ಕಡಿಮೆ ಶುಲ್ಕದಲ್ಲಿ ಎಂಜಿನಿಯರುಗಳಾದರು. ಅಂದು ಹಣವಂತರು ವಿದ್ಯೆಗೆ ಹಣ ಕೊಡುತ್ತಿದ್ದರು. ಇಂದು ಹಣವಂತರು ವಿದ್ಯೆಯಲ್ಲಿ ಹಣ ಹೂಡುತ್ತಾರೆ. ಕೊಡುವುದಕ್ಕೂ ಹೂಡುವುದಕ್ಕೂ ಇರುವ ವ್ಯತ್ಯಾಸವೇ ಕಳೆದ ನಲವತ್ತು ವರ್ಷಗಳ ಉನ್ನತ ಶಿಕ್ಷಣದ ಕಥೆ.

ಈ ಕಥೆಯಲ್ಲಿ ಕರ್ನಾಟಕಕ್ಕೆ ಹೆಮ್ಮೆ ಪಡಲಾಗದ ಒಂದು ಸ್ಥಾನವಿದೆ. ಡೊನೇಷನ್ ಹಾವಳಿ ತಡೆಯಲು 1984ರಲ್ಲೇ ನಮ್ಮ ರಾಜ್ಯ ಕಾಯ್ದೆ ಮಾಡಿತು. ಆದರೆ ಅದೇ ಕಾಯ್ದೆಯಡಿ ಹೊರಟ 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂದು ದರ ಗೊತ್ತುಪಡಿಸಿತು. ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದಾಗ ಹುಟ್ಟಿದ್ದೇ 1992ರ ಮೋಹಿನಿ ಜೈನ್ ತೀರ್ಪು. ಶಿಕ್ಷಣ ಮಾರಾಟದ ಸರಕಲ್ಲ, ಅದು ಹಕ್ಕು ಎಂದು ಸುಪ್ರೀಂ ಕೋರ್ಟ್ ಅಂದು ನಿಲುವು ತಳೆಯಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು 'ಫ್ರೀ' ಮತ್ತು 'ಪೇಮೆಂಟ್' ಎಂದು ಅರ್ಧರ್ಧ ವಿಂಗಡಿಸಿತು. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ವ್ಯವಸ್ಥೆಯನ್ನು ಕಿತ್ತುಹಾಕಿ, ಖಾಸಗಿಯವರಿಗೆ ಶುಲ್ಕ ನಿಗದಿಯ ಸ್ವಾತಂತ್ರ್ಯ ನೀಡಿತು. ಲಾಭಕೋರತನ ಮತ್ತು ಕ್ಯಾಪಿಟೇಷನ್ ಶುಲ್ಕ ಮಾತ್ರ ಕೂಡದೆಂದಿತು. 2005ರ ಇನಾಮದಾರ್ ತೀರ್ಪು ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಎಂದಿತು. ಹಕ್ಕಾಗಿ ಆರಂಭವಾದ ಮಾತು ಹದಿಮೂರೇ ವರ್ಷಗಳಲ್ಲಿ ಒಪ್ಪಂದವಾಗಿ ಮುಗಿಯಿತು.

ಆ ಒಪ್ಪಂದದ ಫಲವನ್ನೇ ನಾವಿಂದು ಉಣ್ಣುತ್ತಿದ್ದೇವೆ. ರಾಜ್ಯದ ಬಹುಪಾಲು ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 45ರಷ್ಟು ಸೀಟುಗಳು ಸಿಇಟಿ ಮೂಲಕ ಸರ್ಕಾರಿ ಕೋಟಾದಲ್ಲಿ, ಶೇ. 30ರಷ್ಟು ಕಾಮೆಡ್-ಕೆ ಮೂಲಕ, ಉಳಿದ ಶೇ. 25ರಷ್ಟು ಆಡಳಿತ ಮಂಡಳಿಯ ಹಾಗೂ ಅನಿವಾಸಿ ಭಾರತೀಯರ ಕೋಟಾದಲ್ಲಿ ಹಂಚಿಕೆಯಾಗುತ್ತ ಬಂದಿವೆ. ಖಾಸಗಿ ವಿಶ್ವವಿದ್ಯಾನಿಲಯಗಳ ಕಾಯ್ದೆಗಳು ಶೇ. 40ರಷ್ಟು ಸೀಟುಗಳನ್ನು ರಾಜ್ಯದ ವಿದ್ಯಾರ್ಥಿಗಳಿಗಾಗಿ ಇಡುತ್ತವೆ. ಹಾಗಾಗಿ ನಿಜವಾದ ಪ್ರಶ್ನೆ ಸರ್ಕಾರಿಯೋ ಖಾಸಗಿಯೋ ಎಂಬುದಲ್ಲ. ನಮ್ಮ ಮಗು ಯಾವ ಬಾಗಿಲಿನಿಂದ ಒಳಗೆ ಹೋಗುತ್ತಿದೆ ಎಂಬುದು. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳಲ್ಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಬಂದವನ ಶುಲ್ಕಕ್ಕೂ ಆಡಳಿತ ಮಂಡಳಿಯ ಕೋಟಾದಲ್ಲಿ ಬಂದವನ ಶುಲ್ಕಕ್ಕೂ ಅಜಗಜಾಂತರ. ಕೈಗೆ ಬರುವ ಪದವಿ ಪತ್ರ ಮಾತ್ರ ಒಂದೇ.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಮುಸ್ಲಿಮರಿಗಿರುವ ಪ್ರವರ್ಗ 2ಬಿಯ ಶೇ. 4ರ ಮೀಸಲಾತಿ ಕೆಲಸ ಮಾಡುವುದು ಪ್ರಾಧಿಕಾರದ ಬಾಗಿಲಿನಲ್ಲೇ ಹೊರತು ಆಡಳಿತ ಮಂಡಳಿಯ ಬಾಗಿಲಿನಲ್ಲಲ್ಲ. ಈ ಮೀಸಲಾತಿಯನ್ನು 2023ರ ಮಾರ್ಚಿನಲ್ಲಿ ಅಂದಿನ ಸರ್ಕಾರ ಚುನಾವಣೆಯ ಹೊಸ್ತಿಲಲ್ಲಿ ರದ್ದುಪಡಿಸಿದಾಗ ನಾವೆಲ್ಲ ಬೀದಿಗಿಳಿದೆವು. ಆದೇಶವನ್ನು ಸದ್ಯ ಜಾರಿಗೊಳಿಸುವುದಿಲ್ಲವೆಂದು ಮರು ತಿಂಗಳು ಸುಪ್ರೀಂ ಕೋರ್ಟಿನಲ್ಲಿ ಸರ್ಕಾರ ಹೇಳಬೇಕಾಯಿತು. ಹೋರಾಡಿ ಉಳಿಸಿಕೊಂಡ ಆ ಸೌಲಭ್ಯವನ್ನು ಬಳಸದೆ, ಸಿಇಟಿಗೆ ಅರ್ಜಿಯನ್ನೇ ಹಾಕದೆ, ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಸಕಾಲದಲ್ಲಿ ಮಾಡಿಸದೆ, ನೇರವಾಗಿ ಆಡಳಿತ ಮಂಡಳಿಯ ಕಚೇರಿಗೆ ಹಣದ ಚೀಲ ಹಿಡಿದು ಹೋಗುವುದನ್ನು ಏನೆಂದು ಕರೆಯಬೇಕು? ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವೂ ಸಿಇಟಿ ಅಥವಾ ನೀಟ್ ಮೂಲಕ ಆಯ್ಕೆಯಾದ ವೃತ್ತಿಪರ ಕೋರ್ಸಿನ ವಿದ್ಯಾರ್ಥಿಗಳಿಗಾಗಿಯೇ ರೂಪುಗೊಂಡದ್ದು. ಆರ್ಥಿಕವಾಗಿ ಹಿಂದುಳಿದವರಿಗಾಗಿ ಬೋಧನಾ ಶುಲ್ಕವಿಲ್ಲದ ಶೇ. 5ರಷ್ಟು ಹೆಚ್ಚುವರಿ ಸೀಟುಗಳಿರುವುದೂ ಪ್ರಾಧಿಕಾರದ ಹಂಚಿಕೆಯಲ್ಲೇ. ಒಂದು ಅರ್ಜಿಯ ಕೊನೆಯ ದಿನಾಂಕ ತಪ್ಪಿದರೆ ಇಷ್ಟೆಲ್ಲವೂ ಒಟ್ಟಿಗೇ ಕೈತಪ್ಪುತ್ತವೆ.

ಹಾಗೆಂದು ಸಾರ್ವಜನಿಕ ಸಂಸ್ಥೆಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಹೇಳಿದರೆ ಅದು ಆತ್ಮವಂಚನೆಯಾದೀತು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ದುಡಿಮೆಯ ಮೇಲೆ. ಅವರು ಮುಷ್ಕರ ಹೂಡಿದಾಗಲೆಲ್ಲ ತರಗತಿಗಳು ನಿಂತುಹೋಗುತ್ತವೆ. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ಕೆಲವೇ ವರ್ಷಗಳ ಹಿಂದೆ ಸ್ಥಾಪನೆಯಾದ ಒಂಬತ್ತು ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಸಲಹೆ ನೀಡಿತು. ತುಂಗಭದ್ರೆಯ ಆಚೆ ದಡದ ಹಾವೇರಿ ವಿಶ್ವವಿದ್ಯಾನಿಲಯವೂ ಆ ಪಟ್ಟಿಯಲ್ಲಿತ್ತು. ಒಂದು ಸರ್ಕಾರ ಹಣ ನೀಡದೆ ಘೋಷಿಸುವುದು, ಇನ್ನೊಂದು ಸರ್ಕಾರ ಹಣವಿಲ್ಲವೆಂದು ಮುಚ್ಚಹೊರಡುವುದು. ನಡುವೆ ವಿದ್ಯಾರ್ಥಿ ಅತಂತ್ರ. 2021ರಲ್ಲಿ ಹೊಸ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದ್ದೂ ಇದೇ ಆಟದ ಇನ್ನೊಂದು ಮುಖ.

ದೂರ ಶಿಕ್ಷಣದಲ್ಲೂ ಇಂಥದೇ ಅನುಭವ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸರ್ಕಾರದ್ದೇ. ಆದರೂ ನಿಯಮ ಮೀರಿ ಹೊರರಾಜ್ಯಗಳಲ್ಲಿ ಖಾಸಗಿಯವರ ಸಹಭಾಗಿತ್ವದಲ್ಲಿ ಕೋರ್ಸು ನಡೆಸಿದ ಆರೋಪಕ್ಕೆ ಗುರಿಯಾಗಿ, 2013-14ರ ನಂತರದ ಕೆಲವು ವರ್ಷಗಳ ಮಾನ್ಯತೆ ಕಳೆದುಕೊಂಡಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವೆ ಸಿಲುಕಿದ ಸಾವಿರಾರು ವಿದ್ಯಾರ್ಥಿಗಳ ವರ್ಷಗಳು ಮರಳಲಿಲ್ಲ. ಸರ್ಕಾರಿ ಎಂಬ ಫಲಕ ನೋಡಿ ಕಣ್ಣುಮುಚ್ಚಿ ನಂಬುವುದೂ ಸಲ್ಲದು.

ಎಲ್ಲಕ್ಕಿಂತ ನೋವಿನ ಸಂಗತಿ ಯು.ಬಿ.ಡಿ.ಟಿ. ಕಾಲೇಜಿನದು. ದಾನದಿಂದ ಹುಟ್ಟಿದ ಈ ಸಾರ್ವಜನಿಕ ಕಾಲೇಜಿನಲ್ಲಿ ಅರ್ಧದಷ್ಟು ಸೀಟುಗಳನ್ನು ಹೆಚ್ಚಿನ ಶುಲ್ಕದ ಪೇಮೆಂಟ್ ಕೋಟಾಕ್ಕೆ ಸೇರಿಸಿರುವುದನ್ನು ವಿರೋಧಿಸಿ 2024ರಲ್ಲಿ ವಿದ್ಯಾರ್ಥಿಗಳು ಹೋರಾಟಕ್ಕಿಳಿದರು. ದಾವಣಗೆರೆ ಬಂದ್‌ಗೂ ಕರೆ ನೀಡಲಾಯಿತು. ಫಲಕ ಸರ್ಕಾರಿ, ದರ ಖಾಸಗಿ ಎಂಬಂತಾದರೆ ಬಡವನಿಗೆ ಉಳಿಯುವ ಬಾಗಿಲು ಯಾವುದು? ಆ ಹೋರಾಟ ಯಾವುದೇ ಒಂದು ಸಮುದಾಯದ್ದಾಗಿರಲಿಲ್ಲ. ಕುಕ್ಕುವಾಡದ ರೈತನ ಮಗನಿಗೂ ಹರಿಹರದ ಕಾರ್ಮಿಕನ ಮಗಳಿಗೂ ಅದು ಸಮಾನವಾಗಿ ಸೇರಿದ್ದು. ಮೀಸಲಾತಿಯ ಪ್ರಶ್ನೆ ಬಂದಾಗ ಮಾತ್ರ ಎಚ್ಚೆತ್ತು, ಸಾರ್ವಜನಿಕ ಕಾಲೇಜನ್ನು ಉಳಿಸುವ ಪ್ರಶ್ನೆ ಬಂದಾಗ ಮೌನವಾಗಿರುವುದು ದೂರದೃಷ್ಟಿಯ ಲಕ್ಷಣವಲ್ಲ. ಸರ್ಕಾರಿ ಸೀಟುಗಳೇ ಕಡಿಮೆಯಾದರೆ ಶೇ. 4 ಎಂಬುದು ಯಾವುದರ ಶೇ. 4?

ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಗಾಯವಿದೆ. 2022ರ ಫೆಬ್ರವರಿ 5ರಂದು ಅಂದಿನ ಸರ್ಕಾರ ಸಮವಸ್ತ್ರದ ಹೆಸರಿನಲ್ಲಿ ಹೊರಡಿಸಿದ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಇವುಗಳ ನಡುವೆ ಎಷ್ಟೋ ವಿದ್ಯಾರ್ಥಿನಿಯರು ಸರ್ಕಾರಿ ಕಾಲೇಜಿನ ಗೇಟಿನಿಂದ ಹಿಂದಿರುಗಿದರು. ಅವರಲ್ಲಿ ಕೆಲವರು ಖಾಸಗಿ ಕಾಲೇಜು ಸೇರಿದರು. ಶುಲ್ಕ ಕಟ್ಟಲಾಗದವರು ಮನೆಯಲ್ಲೇ ಉಳಿದರು. ಸರ್ಕಾರಿ ಸಂಸ್ಥೆಯೊಂದು ಪ್ರಜೆಯನ್ನು ಹೊರಗೆ ನಿಲ್ಲಿಸಿದಾಗ ಆಗುವ ನಷ್ಟ ಆ ಪ್ರಜೆಗೆ ಮಾತ್ರವಲ್ಲ. ಸರ್ಕಾರಿ ಶಿಕ್ಷಣ ಎಲ್ಲರದು ಎಂಬ ನಂಬಿಕೆಯೇ ಅಲ್ಲಿ ಬಿರುಕು ಬಿಡುತ್ತದೆ. ಆ ಬಿರುಕನ್ನು ಮುಚ್ಚುವ ಹೊಣೆ ಆಳುವವರದು. ಆದರೆ ಆ ನೋವನ್ನೇ ನೆಪವಾಗಿಸಿ ಹೆಣ್ಣುಮಕ್ಕಳ ಓದನ್ನು ಪಿಯುಸಿಗೆ ನಿಲ್ಲಿಸುವುದು, ನಮ್ಮನ್ನು ಹೊರಗಿಡಬಯಸುವವರ ಕೆಲಸವನ್ನು ನಾವೇ ಪೂರೈಸಿಕೊಟ್ಟಂತೆ.

ಖಾಸಗಿ ಸಂಸ್ಥೆಗಳ ಬಗ್ಗೆಯೂ ನ್ಯಾಯವಾಗಿ ಮಾತನಾಡಬೇಕು. ಅವುಗಳಲ್ಲಿ ಒಳ್ಳೆಯವು ನಿಶ್ಚಯವಾಗಿ ಇವೆ. ವೇಳಾಪಟ್ಟಿಯಂತೆ ಪರೀಕ್ಷೆ, ಸುಸಜ್ಜಿತ ಪ್ರಯೋಗಾಲಯ, ಉದ್ಯೋಗ ಸಂದರ್ಶನದ ವ್ಯವಸ್ಥೆ, ಹೊಸ ಕೋರ್ಸುಗಳನ್ನು ಬೇಗ ಆರಂಭಿಸುವ ಚುರುಕು ಅವುಗಳ ಬಲ. ಆದರೆ ಪ್ರತಿಯೊಂದನ್ನೂ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೋರ್ಸಿಗೆ ಎಐಸಿಟಿಇ ಒಪ್ಪಿಗೆ ಇದೆಯೇ? ನರ್ಸಿಂಗ್ ಆದರೆ ನರ್ಸಿಂಗ್ ಪರಿಷತ್ತಿನ, ಫಾರ್ಮಸಿ ಆದರೆ ಫಾರ್ಮಸಿ ಪರಿಷತ್ತಿನ ಮಾನ್ಯತೆ ಇದೆಯೇ? ವಿಶ್ವವಿದ್ಯಾನಿಲಯದ ಹೆಸರು ಯುಜಿಸಿ ಪಟ್ಟಿಯಲ್ಲಿದೆಯೇ? ನ್ಯಾಕ್ ಶ್ರೇಣಿ ಯಾವ ವರ್ಷದ್ದು? ಹೇಳಿದ ಶುಲ್ಕ ಮೊದಲ ವರ್ಷದ್ದೋ ನಾಲ್ಕು ವರ್ಷದ್ದೋ? ನಡುವೆ ಹೆಚ್ಚಿಸುವ ಅಧಿಕಾರ ಅವರಿಗಿದೆಯೇ? ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಸಿಗುತ್ತದೆಯೇ? ಕಾಲೇಜು ಬಿಟ್ಟರೆ ಮೂಲ ಅಂಕಪಟ್ಟಿ ಹಿಂದಿರುಗಿಸುತ್ತಾರೆಯೇ? ನೂರಕ್ಕೆ ನೂರು ಉದ್ಯೋಗವೆಂದರೆ ಯಾವ ಕಂಪನಿ, ಎಷ್ಟು ಸಂಬಳ, ಯಾವ ವಿಭಾಗದ ಎಷ್ಟು ಮಂದಿಗೆ? ಮಗಳಿಗೆ ವರ ನೋಡುವಾಗ ಏಳು ತಲೆಮಾರು ವಿಚಾರಿಸುವ ನಾವು, ಲಕ್ಷಾಂತರ ರೂಪಾಯಿ ಸುರಿಯುವ ಕಾಲೇಜಿನ ಬಗ್ಗೆ ಏಳು ಪ್ರಶ್ನೆಗಳನ್ನೂ ಕೇಳುವುದಿಲ್ಲ.

ಈ ಮಾತು ನಮ್ಮದೇ ಸಮುದಾಯದ ಸಂಸ್ಥೆಗಳಿಗೂ ಅನ್ವಯ. 1919ರಲ್ಲಿ ಭಟ್ಕಳದಲ್ಲಿ ಹುಟ್ಟಿದ ಅಂಜುಮನ್, 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಕಟ್ಟಿದ ಅಲ್-ಅಮೀನ್, 2018ರಲ್ಲಿ ವಿಶ್ವವಿದ್ಯಾನಿಲಯವಾದ ಕಲಬುರಗಿಯ ಖಾಜಾ ಬಂದೇನವಾಜ್ ಸಂಸ್ಥೆ ಇವೆಲ್ಲ ನಮ್ಮ ಹೆಮ್ಮೆಯೇ. ಅಲ್ಪಸಂಖ್ಯಾತ ಸಂಸ್ಥೆ ಎಂಬ ಸಾಂವಿಧಾನಿಕ ರಕ್ಷಣೆ ದೊರೆತಿರುವುದು ಸಮುದಾಯದ ಮಕ್ಕಳನ್ನು ಮೇಲೆತ್ತಲಿಕ್ಕಾಗಿ. ಯಾವುದೇ ಅಲ್ಪಸಂಖ್ಯಾತ ಸಂಸ್ಥೆ ತನ್ನ ಸೀಟುಗಳನ್ನು ಹೆಚ್ಚು ಕೊಟ್ಟವರಿಗೆ ಮಾರತೊಡಗಿದರೆ ಆ ರಕ್ಷಣೆಯ ನೈತಿಕ ಹಕ್ಕನ್ನು ಅದು ಕಳೆದುಕೊಳ್ಳುತ್ತದೆ. ಪ್ರತಿ ಸಂಸ್ಥೆಯೂ ತನ್ನಲ್ಲಿ ಎಷ್ಟು ಬಡ ವಿದ್ಯಾರ್ಥಿಗಳು ಶುಲ್ಕವಿಲ್ಲದೆ ಓದುತ್ತಿದ್ದಾರೆಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಮುದಾಯದ ಮುಂದಿಡಲಿ.

ಈಗ ಬಹುಮಂದಿಗೆ ತಿಳಿಯದ ಮೂರನೆಯ ದಾರಿಗೆ ಬರೋಣ. ಅಮೆರಿಕದಲ್ಲಿ ಸಮುದಾಯ ಕಾಲೇಜು ಎಂಬ ವ್ಯವಸ್ಥೆಯಿದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಇಂಥ ಮೊದಲ ಸಾರ್ವಜನಿಕ ಕಾಲೇಜು ಆರಂಭವಾಯಿತು. ಮನೆಯ ಹತ್ತಿರದ ಕಾಲೇಜಿನಲ್ಲಿ ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಅಲ್ಲಿ ಗಳಿಸಿದ ಅಂಕಗಳೊಂದಿಗೆ ದೊಡ್ಡ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ವರ್ಗಾವಣೆಯಾಗುವುದು ಇದರ ಕ್ರಮ. 1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಮಹಾಯೋಜನೆ ರೂಪಿಸಿ, ಮೇಲಿನ ಎಂಟನೇ ಒಂದರಷ್ಟು ವಿದ್ಯಾರ್ಥಿಗಳಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಮೇಲಿನ ಮೂರನೇ ಒಂದರಷ್ಟು ಮಂದಿಗೆ ರಾಜ್ಯ ಕಾಲೇಜುಗಳು, ಉಳಿದವರಿಗೆಲ್ಲ ಸಮುದಾಯ ಕಾಲೇಜು ಎಂದು ಗೊತ್ತುಮಾಡಿತು. ಮುಖ್ಯ ಸಂಗತಿಯೆಂದರೆ ಕೆಳಗಿನಿಂದ ಮೇಲಕ್ಕೆ ಏರುವ ದಾರಿಯನ್ನು ಅದು ಮುಚ್ಚಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಅಂಕ ಕಡಿಮೆ ಬಂದವನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ಮತ್ತೊಂದು ಅವಕಾಶವಿತ್ತು.

ಭಾರತದಲ್ಲಿ ಯುಜಿಸಿ ಇದೇ ಹೆಸರಿನ ಯೋಜನೆ ತಂದಿತಾದರೂ ನಮ್ಮ ಭಾಗದಲ್ಲಿ ಅದು ಬೇರೂರಲಿಲ್ಲ. ಆದರೆ ಹೆಸರು ಬೇರೆಯಾದರೂ ಗುಣದಲ್ಲಿ ಅದನ್ನೇ ಹೋಲುವ ಏಣಿಯೊಂದು ನಮ್ಮಲ್ಲಿ ಬಹುಕಾಲದಿಂದ ಇದೆ. ಅದೇ ಪಾಲಿಟೆಕ್ನಿಕ್. ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷದ ಡಿಪ್ಲೊಮಾ. ಬಳಿಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ದಾವಣಗೆರೆಯ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್‌ನ ಮುಂದೆ ದಿನವೂ ಹಾದುಹೋಗುವ ಎಷ್ಟು ಮಂದಿ ಮುಸ್ಲಿಂ ಪೋಷಕರಿಗೆ ಆ ಗೇಟಿನಿಂದ ಎಂಜಿನಿಯರಿಂಗ್ ಪದವಿಗೆ ದಾರಿಯಿದೆ ಎಂಬುದು ಗೊತ್ತು?

ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಬಿ.ಇ. ಮೂರು ವರ್ಷ, ಒಟ್ಟು ಅದೇ ಆರು. ಒಂದು ದಿನವೂ ನಷ್ಟವಿಲ್ಲ. ಆದರೆ ಮೂರು ವರ್ಷದ ಕೊನೆಗೆ ಪಿಯುಸಿ ದಾರಿಯ ಹುಡುಗನ ಕೈಯಲ್ಲಿ ಬಿ.ಇ. ಮೊದಲ ವರ್ಷದ ಅಂಕಪಟ್ಟಿ ಮಾತ್ರ ಇರುತ್ತದೆ. ಮನೆಯಲ್ಲಿ ಕಷ್ಟ ಬಂದು ಓದು ನಿಂತರೆ ಅದರಿಂದ ಉದ್ಯೋಗ ಸಿಗದು. ಡಿಪ್ಲೊಮಾದವನ ಕೈಯಲ್ಲಿ ಕಿರಿಯ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಲ್ಲ ಪೂರ್ಣ ಅರ್ಹತೆಯಿರುತ್ತದೆ. ತಂದೆಯ ಆರೋಗ್ಯ ಕೆಟ್ಟರೆ ಎರಡು ವರ್ಷ ದುಡಿದು ಮತ್ತೆ ಓದಿಗೆ ಮರಳಬಹುದು. ಸಿಇಟಿ, ನೀಟ್ ತರಬೇತಿಯ ಹೆಸರಿನಲ್ಲಿ ಪಿಯುಸಿಗೇ ಲಕ್ಷಗಟ್ಟಲೆ ಸುರಿಯುವ ಈ ಕಾಲದಲ್ಲಿ ಆ ಖರ್ಚೂ ಉಳಿಯುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಈ ಪಾರ್ಶ್ವ ಪ್ರವೇಶಕ್ಕೆಂದು ಮಂಜೂರಾದ ಸೀಟುಗಳ ಶೇ. 10ರಷ್ಟು ಹೆಚ್ಚುವರಿ ಸೀಟುಗಳಿದ್ದು, ಮೊದಲ ವರ್ಷದಲ್ಲಿ ತುಂಬದೆ ಉಳಿದ ಸೀಟುಗಳೂ ಅದಕ್ಕೆ ಸೇರುತ್ತವೆ.

ಏಣಿಗೆ ಇನ್ನೂ ಮೆಟ್ಟಿಲುಗಳಿವೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಡಿ.ಫಾರ್ಮಾ ಮುಗಿಸಿದವರಿಗೆ ಬಿ.ಫಾರ್ಮಾದ ಎರಡನೆಯ ವರ್ಷಕ್ಕೆ ಪ್ರವೇಶವಿದೆ. ಜಿಎನ್‌ಎಂ ನರ್ಸಿಂಗ್ ಮಾಡಿದ ಹುಡುಗಿ ಎರಡು ವರ್ಷದ ಪೋಸ್ಟ್ ಬೇಸಿಕ್ ಕೋರ್ಸಿನ ಮೂಲಕ ಬಿ.ಎಸ್ಸಿ. ನರ್ಸಿಂಗ್ ಪದವಿ ಪಡೆಯಬಹುದು. 2021ರಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆಯು ಒಂದು ವಿಶ್ವವಿದ್ಯಾನಿಲಯದ ಕ್ರೆಡಿಟ್‌ಗಳನ್ನು ಇನ್ನೊಂದಕ್ಕೆ ಒಯ್ಯುವ ಆಶಯ ಹೊಂದಿದೆ. ಆದರೆ ಸೇರಬಯಸುವ ವಿಶ್ವವಿದ್ಯಾನಿಲಯ ಒಪ್ಪಿದರೆ ಮಾತ್ರ ಅದಕ್ಕೆ ಬೆಲೆ. ಆದ್ದರಿಂದ ಅದನ್ನು ನಂಬಿ ನಡುವೆ ಕಾಲೇಜು ಬಿಡುವ ಸಾಹಸ ಬೇಡ.

ಈ ದಾರಿಯಲ್ಲಿ ಕಷ್ಟವಿಲ್ಲವೆಂದಲ್ಲ. ಡಿಪ್ಲೊಮಾದಿಂದ ಬಂದವರಿಗೆ ಎಂಜಿನಿಯರಿಂಗ್ ಗಣಿತ ಮೊದಮೊದಲು ಕಬ್ಬಿಣದ ಕಡಲೆ. ಹಾಗಾಗಿಯೇ ವಿಶ್ವೇಶ್ವರಯ್ಯ ವಿಶ್ವವಿದ್ಯಾನಿಲಯ ಅವರಿಗೆ ಹೆಚ್ಚುವರಿ ಗಣಿತವನ್ನು ಕಡ್ಡಾಯ ಮಾಡಿತು. ವೈದ್ಯನಾಗಬೇಕೆಂಬ ಮಗುವಿಗೆ ಇದು ದಾರಿಯಲ್ಲ. ಅದಕ್ಕೆ ಪಿಯುಸಿ ವಿಜ್ಞಾನವೇ ಬೇಕು. ಮೂರು ವರ್ಷ ಕಾಟಾಚಾರಕ್ಕೆ ಓದಿದವನಿಗೆ ಡಿಸಿಇಟಿ ಒಲಿಯದು. ಆದರೆ ಹರಿಹರದ ಹಿರಿಯರಿಗೆ ತಾಂತ್ರಿಕ ಕೌಶಲದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್ ಯಂತ್ರಗಳ ಮುಂದೆ ನಿಂತು ಮನೆ ಕಟ್ಟಿದ, ಮಕ್ಕಳನ್ನು ಬೆಳೆಸಿದ ತಲೆಮಾರು ಅದು. ಆ ಕಾರ್ಖಾನೆ ಮುಚ್ಚಿದಾಗ, ಕೈಯಲ್ಲಿ ಕಸುಬಿದ್ದೂ ಪ್ರಮಾಣಪತ್ರವಿಲ್ಲದವರು ಪಟ್ಟ ಪಾಡೇನೆಂಬುದೂ ಅವರಿಗೆ ಗೊತ್ತು. ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಹದಿನಾರರ ಹುಡುಗನಿಗೆ ಬುದ್ಧಿಯ ಕೊರತೆಯಿಲ್ಲ. ಅವನ ಕೈಯ ಕಸುಬಿಗೆ ಪಾಲಿಟೆಕ್ನಿಕ್‌ನ ಓದು ಸೇರಿಸುವವರ ಕೊರತೆಯಿದೆ.

ಇದೆಲ್ಲ ಏಕೆ ಮುಖ್ಯ? 2006ರಲ್ಲಿ ಸಾಚಾರ್ ಸಮಿತಿ ನಮ್ಮೆದುರು ಕನ್ನಡಿ ಹಿಡಿಯಿತು. ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಸುಮಾರು ಶೇ. 7. ಪ್ರತಿಷ್ಠಿತ ಕಾಲೇಜುಗಳ ಪದವಿ ವಿದ್ಯಾರ್ಥಿಗಳಲ್ಲಿ ಇಪ್ಪತ್ತೈದಕ್ಕೆ ಒಬ್ಬ, ಸ್ನಾತಕೋತ್ತರದಲ್ಲಿ ಐವತ್ತಕ್ಕೆ ಒಬ್ಬ ಮಾತ್ರ ಮುಸ್ಲಿಂ. ಆ ಬಳಿಕ ಸ್ಥಿತಿ ನಿಧಾನವಾಗಿ ಸುಧಾರಿಸುತ್ತಿತ್ತು. ಆದರೆ ಕೇಂದ್ರ ಶಿಕ್ಷಣ ಸಚಿವಾಲಯದ 2020-21ರ ಸಮೀಕ್ಷೆಯಲ್ಲಿ ದೇಶದ ಉನ್ನತ ಶಿಕ್ಷಣದಲ್ಲಿರುವ ಮುಸ್ಲಿಂ ವಿದ್ಯಾರ್ಥಿಗಳ ಸಂಖ್ಯೆ ಹಿಂದಿನ ವರ್ಷದ 21 ಲಕ್ಷದಿಂದ 19.21 ಲಕ್ಷಕ್ಕೆ ಕುಸಿಯಿತು. ಪರಿಶಿಷ್ಟರು, ಹಿಂದುಳಿದ ವರ್ಗದವರು ಮುಂದೆ ಸಾಗಿದ ಅದೇ ವರ್ಷ ನಾವು ಹಿಂದೆ ಸರಿದೆವು. ಕೊರೋನಾ ಎಲ್ಲರಿಗೂ ಬಂದಿತ್ತು, ಬಿದ್ದವರು ನಾವು. ಇದರ ಬೆನ್ನಿಗೇ 2022ರಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಅನ್ನೂ ನಿಲ್ಲಿಸಿತು.

ಸರ್ಕಾರದ ಮುಂದೆ ನಾವಿಡುವ ಬೇಡಿಕೆ ಸ್ಪಷ್ಟ. ಸಾರ್ವಜನಿಕ ಕಾಲೇಜುಗಳಲ್ಲಿ ಪೇಮೆಂಟ್ ಸೀಟುಗಳು ಬೇಡ. ಅತಿಥಿ ಉಪನ್ಯಾಸಕರ ಬದಲು ಖಾಯಂ ನೇಮಕಾತಿ ಆಗಲಿ. ಖಾಸಗಿ ವಿಶ್ವವಿದ್ಯಾನಿಲಯಗಳು ಪಡೆದ ಶುಲ್ಕ ಮತ್ತು ನೀಡಿದ ಸೀಟುಗಳ ಲೆಕ್ಕ ಬಹಿರಂಗವಾಗಲಿ. ಡಿಪ್ಲೊಮಾದಿಂದ ಬಂದ ಮಕ್ಕಳಿಗೆ ಗಣಿತದ ಸೇತು ತರಗತಿಗಳು ಪ್ರಾಮಾಣಿಕವಾಗಿ ನಡೆಯಲಿ. ಹೆಣ್ಣುಮಕ್ಕಳು ಆತ್ಮಗೌರವದಿಂದ ಕಾಲೇಜಿನ ಗೇಟು ದಾಟುವಂತಾಗಲಿ.

ಆದರೆ ಸರ್ಕಾರದತ್ತ ಬೆರಳು ತೋರಿ ನಾವು ಕೈಕಟ್ಟಿ ಕೂರುವಂತಿಲ್ಲ. ಪ್ರತಿ ಮೊಹಲ್ಲಾದಲ್ಲಿ ಮಸೀದಿ ಸಮಿತಿಗಳಿವೆ, ಯುವಕ ಸಂಘಗಳಿವೆ. ಫಲಿತಾಂಶ ಬಂದ ಮೊದಲ ಶುಕ್ರವಾರದ ನಮಾಝಿನ ಬಳಿಕ ಒಂದು ಮೇಜು ಹಾಕಿ, ಇಬ್ಬರು ಓದಿದ ಯುವಕರನ್ನು ಕೂರಿಸಿ, ಅರ್ಜಿಯ ದಿನಾಂಕ, ಪ್ರಮಾಣಪತ್ರ, ವಿದ್ಯಾರ್ಥಿವೇತನದ ಮಾಹಿತಿ ನೀಡಲು ಖರ್ಚೇನೂ ಇಲ್ಲ. ಹೆಣ್ಣುಮಕ್ಕಳಿಗೂ ತಾಯಂದಿರಿಗೂ ಇದೇ ವ್ಯವಸ್ಥೆ ಶಾಲೆಗಳಲ್ಲಿ ಆಗಬೇಕು. ಮನೆಯಲ್ಲಿ ಓದಿನ ನಿರ್ಧಾರಗಳು ಬಹುಪಾಲು ತಾಯಿಯ ಮಡಿಲಲ್ಲೇ ಆಗುತ್ತವೆ. ಝಕಾತ್ ನಿಧಿಯ ಒಂದು ಪಾಲು ಅರ್ಹ ವಿದ್ಯಾರ್ಥಿಗಳ ಎರಡನೆಯ, ಮೂರನೆಯ ವರ್ಷದ ಶುಲ್ಕಕ್ಕೆ ಮೀಸಲಾಗಲಿ. ಮೊದಲ ವರ್ಷಕ್ಕೆ ಸಹಾಯ ಮಾಡಿ ಚಿತ್ರ ತೆಗೆಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಮಕ್ಕಳು ಓದು ಬಿಡುವುದು ಎರಡನೆಯ ವರ್ಷದಲ್ಲಿ. ಒಂದೇ ರಾತ್ರಿಯ ಶಾದಿಮಹಲಿನ ದೀಪಾಲಂಕಾರಕ್ಕೆ ಸಾಲ ಮಾಡುವ ತಂದೆ, ಮಗಳ ಮೂರು ವರ್ಷದ ಡಿಪ್ಲೊಮಾಕ್ಕೆ ಹಣವಿಲ್ಲವೆಂದು ಹೇಳುವುದನ್ನು ಇನ್ನೆಷ್ಟು ಕಾಲ ಕೇಳಬೇಕು?

ಕಾಲೇಜಿನ ಕಮಾನು ಎಷ್ಟು ಎತ್ತರವಿದೆ ಎಂಬುದರಿಂದ ಮಗುವಿನ ಭವಿಷ್ಯ ನಿರ್ಧಾರವಾಗದು. ಯಾವ ಬಾಗಿಲಿನಿಂದ ಒಳಹೋಯಿತು, ಎಷ್ಟು ಸಾಲದ ಹೊರೆ ಹೊತ್ತು ಹೊರಬಂತು, ಮುಂದಿನ ಮೆಟ್ಟಿಲಿಗೆ ಕಾಲಿಡಲು ದಾರಿ ಉಳಿದಿದೆಯೇ ಎಂಬುದರಿಂದ ನಿರ್ಧಾರವಾಗುತ್ತದೆ. ಈ ವರ್ಷ ಹತ್ತನೆಯ ತರಗತಿ ಮುಗಿಸಿದ ಮಗು ನಿಮ್ಮ ಮನೆಯಲ್ಲಿದ್ದರೆ, ಫ್ಲೆಕ್ಸ್ ನೋಡಿ ಮುಂಗಡ ಕಟ್ಟುವ ಮುನ್ನ ಒಮ್ಮೆ ಸರ್ಕಾರಿ ಪಾಲಿಟೆಕ್ನಿಕ್‌ಗೆ, ಒಮ್ಮೆ ಸರ್ಕಾರಿ ಕಾಲೇಜಿಗೆ ಹೋಗಿ ವಿಚಾರಿಸಿ. ನಿಮ್ಮ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಲ್ಲಿರುತ್ತದೆ; ಆ ಮಗುವಿನ ತಂದೆಯನ್ನು ಕರೆದುಕೊಂಡು ಹೋಗಿ.